ಒಣ ಜಾಗದ ಹದಿನೆಂಟು ಮಂದಿ

ಕಲ್ಲು ಕೊಯ್ಯುವ ಆ ಶೆಡ್ಡಿನಲ್ಲಿ ಎರಡು ಕಡೆ ಇದ್ದವು. ಒಂದು ನೀರಿನ ಕಡೆ. ಅಲ್ಲಿ ದೊಡ್ಡ ಗರಗಸ ಬಂಡೆಯನ್ನು ಸೀಳಿ ಚಪ್ಪಡಿ ಮಾಡುತ್ತಿತ್ತು. ಗರಗಸದ ಮೇಲೆ ದಿನವಿಡೀ ನೀರು ಸುರಿಯುತ್ತಿರಬೇಕು, ಇಲ್ಲದಿದ್ದರೆ ಅದರ ಹಲ್ಲು ಸುಟ್ಟುಹೋಗುತ್ತದೆ. ಅಲ್ಲಿ ನಿಂತವರ ಕಾಲು ಬೆಳಿಗ್ಗೆಯಿಂದ ಸಂಜೆಯವರೆಗೆ ಬೂದು ಕೆಸರಿನಲ್ಲಿ. ಇನ್ನೊಂದು ಒಣ ಕಡೆ. ಅಲ್ಲಿ ಒಂಬತ್ತು ಮೇಜು, ಮೇಜಿಗೆ ಇಬ್ಬರು. ಚಪ್ಪಡಿಯ ಅಂಚನ್ನು ಕೈಯಂತ್ರದಿಂದ ಉಜ್ಜಿ ನಯ ಮಾಡುವ ಕೆಲಸ. ನೀರಿಲ್ಲ, ಕೆಸರಿಲ್ಲ, ಪಕ್ಕದಲ್ಲೇ ಕಿಟಕಿ. ಧೂಳು ಇತ್ತು. ಆದರೆ ಕಲ್ಲಿನ ಕೆಲಸ ಅಂದಮೇಲೆ ಧೂಳಿಗೆ ಹೆದರುವವರು ಯಾರು?

ಹಾಗಾಗಿ ಒಣ ಜಾಗ ಎಂದರೆ ಅಲ್ಲಿ ಒಂದು ಮರ್ಯಾದೆ. ಯಾರ ಮೇಲೆ ಪ್ರೀತಿಯೋ ಅವರಿಗೆ ಒಣ ಜಾಗ. ಹೊಸದಾಗಿ ಮದುವೆಯಾದವನಿಗೆ ಒಣ ಜಾಗ. ಚೆನ್ನಾಗಿ ಕೆಲಸ ಕಲಿತವನಿಗೆ ಒಣ ಜಾಗ. ಅದನ್ನು ಕೊಡುವವರು ಮೇಸ್ತ್ರಿ. ಶೆಡ್ಡು ತೆರೆದ ದಿನದಿಂದ ಇಪ್ಪತ್ತನಾಲ್ಕು ವರ್ಷ ಅವರೇ ಮೇಸ್ತ್ರಿ, ದೊಡ್ಡ ಗರಗಸ ನಡೆಸುವವರೂ ಅವರೇ. ಐವತ್ತನಾಲ್ಕು ವಯಸ್ಸಾದರೂ ಎರಡು ಆಳಿನ ಕಲ್ಲನ್ನು ಒಬ್ಬರೇ ಮಗುಚುತ್ತಿದ್ದರು. ಎಲ್ಲರೂ ಅವರನ್ನು ಕರೆಯುತ್ತಿದ್ದುದು ಉಕ್ಕಿನ ಮೇಸ್ತ್ರಿ ಎಂದೇ.

ಶೆಡ್ಡಿನ ಸುರಕ್ಷತಾ ಸಮಿತಿಗೂ ಅವರೇ ಅಧ್ಯಕ್ಷರು. ಆ ಸಮಿತಿಗೆ ತನ್ನದೇ ಒಂದು ನಿಯಮವಿತ್ತು: ಕಣ್ಣಾರೆ ಕಂಡದ್ದನ್ನೇ ಹೇಳಬೇಕು, ಕಾಗದ ಓದಬಾರದು. ಅದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಒಬ್ಬ ವ್ಯಾಪಾರಿ ಬಣ್ಣಬಣ್ಣದ ಕಾಗದ ತೋರಿಸಿ ಇವರಿಗೆ ಕೈಗವಸು ಮಾರಿ ಹೋಗಿದ್ದ. ಒಂದೇ ವಾರದಲ್ಲಿ ಅವು ಹರಿದು ಚಿಂದಿಯಾದವು. ಅಂದಿನಿಂದ ಕಾಗದವೆಂದರೆ ಮೋಸ, ಕಂಡದ್ದೆಂದರೆ ಸತ್ಯ.

ಆ ಶನಿವಾರ ಸಮಿತಿಯ ಮುಂದೆ ಬಂದಿದ್ದವರು ಆರೋಗ್ಯ ಕೇಂದ್ರದ ನರ್ಸು. ಮೇಸ್ತ್ರಿಯ ಹೆಂಡತಿಯ ತಂಗಿ.

"ಒಣ ಮೇಜುಗಳಿಗೂ ನೀರಿನ ಕೊಳವೆ ಹಾಕಿಸಿ," ಎಂದರು ಅವರು. "ಯಂತ್ರದ ಬಿಲ್ಲೆಯ ಮೇಲೆ ನೀರು ಬೀಳ್ತಾ ಇದ್ರೆ ಧೂಳು ಏಳೋದು ಬಹಳ ಕಡಿಮೆಯಾಗುತ್ತೆ. ಮುಖಕ್ಕೆ ಬಟ್ಟೆ ಸಾಲ್ದು, ಸರಿಯಾದ ಮಾಸ್ಕ್ ಬೇಕು. ಕಲ್ಲಿನ ಧೂಳು ಎದೆಗೆ ಹೋಗಿ ಬರೋ ಸಿಲಿಕೋಸಿಸ್ ಅಂತ ಒಂದು ಕಾಯಿಲೆ ಇದೆ. ಬೇರೆ ಬೇರೆ ದೇಶದಲ್ಲಿ ಸಾವಿರಾರು ಕಲ್ಲು ಕೆಲಸದವರನ್ನ ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದಾರೆ. ಅದರ ಸಾರಾಂಶ ಈ ನಾಲ್ಕು ಹಾಳೆಯಲ್ಲಿದೆ."

ಹಾಳೆ ಮೇಜಿನ ಮೇಲೆ ಬಂತು. ಮೇಸ್ತ್ರಿ ಅದರ ಮೇಲೆ ಟೀ ಲೋಟ ಇಟ್ಟರು.

"ಕಾಗದ ಬೇಡ ನರ್ಸಮ್ಮ. ಕಂಡದ್ದು ಹೇಳಿ."

ಸಮಿತಿಯಲ್ಲಿದ್ದ ಡ್ರಿಲ್ ಯಂತ್ರದವನು ಎದೆ ಮುಂದೆ ಮಾಡಿದ. "ನಾನು ಕಂಡದ್ದು ಹೇಳ್ತೀನಿ. ನಮ್ಮತ್ತೆ ನೀರಿನ ಕೆಲಸ ಮಾಡೋರು. ದಿನಾ ಒದ್ದೆ. ಒಂದು ದಿನ ಜ್ವರ ಬಂತು, ಮೂರನೇ ದಿನ ಹೋದ್ರು. ನೀರು ಒಳ್ಳೇದಲ್ಲ."

"ಸರಿ, ಸರಿ," ಎಂದು ತಲೆಗಳು ಆಡಿದವು.

ಗುಮಾಸ್ತ ತನ್ನ ಸರದಿಗೆ, "ಧೂಳಿಗೆ ಹಾಲು ಮದ್ದು," ಎಂದ. "ನಮ್ಮ ಭಾವಮೈದ ಕೆಲಸ ಮುಗಿದ ಕೂಡಲೇ ಒಂದು ಲೋಟ ಹಾಲು ಕುಡಿಯೋನು. ಇವತ್ತಿಗೂ ಕುಸ್ತಿ ಆಡ್ತಾನೆ."

"ಹಾಲು ಹೊಟ್ಟೆಗೆ ಹೋಗುತ್ತೆ, ಧೂಳು ಶ್ವಾಸಕೋಶಕ್ಕೆ ಹೋಗುತ್ತೆ. ಎರಡೂ ಬೇರೆ ಬೇರೆ ದಾರಿ," ಎಂದರು ನರ್ಸು.

"ಇಷ್ಟೆಲ್ಲ ಯಾಕೆ?" ಮೇಸ್ತ್ರಿ ತಮ್ಮ ಎದೆಗೆ ಗುದ್ದಿಕೊಂಡರು. ಢಂ ಎಂದಿತು. "ನನ್ನ ನೋಡಿ. ಇಪ್ಪತ್ನಾಲ್ಕು ವರ್ಷ ಇದೇ ಶೆಡ್ಡು, ಇದೇ ಗಾಳಿ. ಒಂದು ಕೆಮ್ಮು ಇಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

ಎಲ್ಲರೂ ನಕ್ಕರು. ಗುಮಾಸ್ತ ನಡಾವಳಿ ಪುಸ್ತಕದಲ್ಲಿ ಬರೆದ: 'ಅನುಭವದ ಮೇರೆಗೆ ಕೊಳವೆ ಅಗತ್ಯವಿಲ್ಲ.' ಆಮೇಲೆ ಇನ್ನೊಂದು ಸಾಲು ಸೇರಿಸಿದ: 'ಸೋಮವಾರದಿಂದ ಅಧ್ಯಕ್ಷರ ಮಗಳಿಗೆ ಕಿಟಕಿ ಪಕ್ಕದ ಒಣ ಜಾಗ.' ಚಪ್ಪಾಳೆ ಬಿತ್ತು.

ನರ್ಸು ಚಪ್ಪಾಳೆ ತಟ್ಟಲಿಲ್ಲ. ಅವರ ಮುಖ ಸುಣ್ಣದ ಗೋಡೆಯ ಹಾಗೆ ಬಿಳಿಚಿತ್ತು.

* * *

ಅಂದು ಸಂಜೆ ಅವರು ನೇರವಾಗಿ ಅಕ್ಕನ ಮನೆಗೆ ಬಂದರು. ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ಅಕ್ಕಾ, ಇವಳನ್ನ ಒಣ ಮೇಜಿಗೆ ಕಳಿಸೋಕೆ ನೀನೂ ಒಪ್ಪಿದ್ಯಾ?"

"ಹೌದು ಕಣೇ. ನಿಮ್ಮ ಭಾವ ಕೇಳಿಕೊಳ್ಳಲೂ ಇಲ್ಲ, ಸಮಿತಿಯವರೇ ಕೊಟ್ಟರು," ಎಂದಳು ಅಕ್ಕ ಹೆಮ್ಮೆಯಿಂದ. "ಕಾಲು ಒದ್ದೆಯಾಗಲ್ಲ, ಶೀತ ಇಲ್ಲ."

ಇಪ್ಪತ್ತೆರಡರ ಮಗಳು ಹೊಸ ಕೆಲಸದ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. "ಚಿಕ್ಕಮ್ಮ, ನಿನಗೆ ಹೊಟ್ಟೆಕಿಚ್ಚು. ನಿನ್ನ ಆಸ್ಪತ್ರೇಲಿ ಕಿಟಕಿನೇ ಇಲ್ಲ."

"ಇದೆ ಕಣೇ. ಆ ಕಿಟಕಿ ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್ ಇಟ್ಟಿದ್ದೀವಿ," ಎಂದರು ನರ್ಸು.

ಮೇಸ್ತ್ರಿ ಕೈಕಾಲು ತೊಳೆದು ಬಂದು ಕೂತರು. "ನೋಡು, ನಿನ್ನ ಮೇಲೆ ನನಗೆ ಗೌರವ ಇದೆ. ಆದ್ರೆ ಯಾವುದೋ ದೇಶದ ಯಾರನ್ನೋ ಎಣಿಸಿ ಬರೆದದ್ದು ನಮಗೆ ಯಾಕೆ? ನಾನು ನಂಬೋದು ಈ ಎರಡು ಕಣ್ಣನ್ನ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ ಭಾವ, ಅದನ್ನ ಮರೆತ್ರಾ? ಸರಿ, ನಿಮ್ಮ ನಿಯಮವೇ ಇರಲಿ. ನಿಮ್ಮ ಕಣ್ಣೇ ಇರಲಿ. ಆದ್ರೆ ಒಬ್ಬಿಬ್ಬರನ್ನ ನೋಡಿದ್ರೆ ಸಾಲ್ದು, ಎಲ್ಲರನ್ನೂ ನೋಡಬೇಕು. ಶೆಡ್ಡು ತೆರೆದ ವರ್ಷದ ಹಾಜರಿ ಪುಸ್ತಕ ಇದ್ಯಾ?"

"ಇದೆ. ನಾನೇ ಬರೆದದ್ದು."

"ಅದರಲ್ಲಿ ಇರೋ ಪ್ರತಿಯೊಬ್ಬರ ಮನೆಗೂ ಹೋಗೋಣ. ಒಬ್ಬರನ್ನೂ ಬಿಡೋ ಹಾಗಿಲ್ಲ, ಒಬ್ಬರನ್ನೂ ನಾವಾಗಿ ಸೇರಿಸೋ ಹಾಗಿಲ್ಲ. ಎಲ್ಲರಿಗೂ ಅದೇ ಪ್ರಶ್ನೆ. ನಾನು ಹೇಳಿದ್ದು ಸುಳ್ಳಾದ್ರೆ ಮತ್ತೆ ನಿಮ್ಮ ಸಮಿತಿ ಬಾಗಿಲಿಗೆ ಕಾಲಿಡಲ್ಲ."

"ಸೋತ್ರೆ ಅಳಬಾರದು."

"ಅಳಲ್ಲ. ಆದ್ರೆ ಎಣಿಕೆ ಮುಗಿಯೋವರೆಗೆ ಇವಳು ಮೇಜಿಗೆ ಹೋಗಬಾರದು. ಒಂದು ವಾರ."

ಮೇಸ್ತ್ರಿ ನಕ್ಕು ಒಪ್ಪಿಕೊಂಡರು. ಗೆದ್ದೇ ಗೆಲ್ಲುತ್ತೇನೆ ಎನ್ನುವವನಿಗೆ ಒಂದು ವಾರ ಯಾವ ಲೆಕ್ಕ?

* * *

ಹಾಜರಿ ಪುಸ್ತಕದ ಅಂಚನ್ನು ಇಲಿ ತಿಂದಿತ್ತು. ಒಳಗೆ ಹೆಸರುಗಳು ಸ್ಪಷ್ಟವಾಗಿದ್ದವು. ಗುಮಾಸ್ತ, ಕಾವಲುಗಾರರನ್ನು ಬಿಟ್ಟರೆ ಕಲ್ಲು ಮುಟ್ಟಿದವರು ಮೂವತ್ತನಾಲ್ಕು ಜನ. ಪ್ರತಿ ಹೆಸರಿನ ಪಕ್ಕ ಮೇಸ್ತ್ರಿಯ ದುಂಡು ಅಕ್ಷರದಲ್ಲಿ ಜಾಗ ಬರೆದಿತ್ತು. ಹದಿನಾರು ಮಂದಿಗೆ 'ನೀರು'. ಹದಿನೆಂಟು ಮಂದಿಗೆ 'ಒಣ'. ಒಮ್ಮೆ ಜಾಗ ಸಿಕ್ಕರೆ ಅಲ್ಲೇ ವರ್ಷಗಟ್ಟಲೆ ಇರುವುದು ಶೆಡ್ಡಿನ ಪದ್ಧತಿ.

ಮೊದಲ ಎರಡು ಸಂಜೆ ನೀರಿನ ಕಡೆಯವರ ಮನೆಗಳು. ಅದು ಸುಲಭದ ಕೆಲಸವಾಯಿತು. ಹೆಚ್ಚಿನವರು ಇನ್ನೂ ಶೆಡ್ಡಿನಲ್ಲೇ ಇದ್ದರು. ಮೊಣಕಾಲು ನೋವು, ಸೊಂಟ ನೋವು, ಕಾಲ್ಬೆರಳ ಸಂದಿಯಲ್ಲಿ ಹುಣ್ಣು ಎಂದು ಗೊಣಗಿದರು. ಒಬ್ಬ ಮಾತ್ರ ಏದುಸಿರು ಬಿಡುತ್ತಿದ್ದ. ಒಬ್ಬ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ.

"ಹೇಳಿದೆನಲ್ಲ," ಎಂದರು ಮೇಸ್ತ್ರಿ. "ಎಲ್ಲಾ ಉಕ್ಕು!"

ನರ್ಸು ಬರೆದುಕೊಂಡರು.

ಮೂರನೇ ಸಂಜೆ ಒಣ ಕಡೆಯ ಮೊದಲ ಹೆಸರು. ಬಾಗಿಲು ತೆಗೆದವಳು ಅವನ ಹೆಂಡತಿ. ಅವನು ಹೋಗಿ ಒಂಬತ್ತು ವರ್ಷವಾಗಿತ್ತು. "ಕೆಮ್ಮಿ ಕೆಮ್ಮಿ ಹೋದ್ರು," ಎಂದಳು. ಮೇಸ್ತ್ರಿ ಹೊರಗೆ ಬಂದು, "ಅವನು ಬೀಡಿ ಜಾಸ್ತಿ ಸೇದ್ತಿದ್ದ," ಎಂದರು. ಎರಡನೆಯ ಮನೆಯಲ್ಲಿ ಒಬ್ಬ ಮಗ. ಅವನಪ್ಪನಿಗೆ ಕ್ಷಯ ಬಂದಿತ್ತು, ನಲವತ್ತೈದಕ್ಕೇ ತೀರಿಕೊಂಡಿದ್ದ. "ಅದು ಮನೆತನದ್ದು," ಎಂದರು ಮೇಸ್ತ್ರಿ. "ಈ ಧೂಳು ಕೂತ ಎದೆಗೆ ಕ್ಷಯ ಬೇಗ ಅಂಟಿಕೊಳ್ಳುತ್ತೆ ಭಾವ," ಎಂದಷ್ಟೇ ಹೇಳಿದರು ನರ್ಸು. ಮೂರನೆಯವನು ಇದ್ದ, ಗಟ್ಟಿಯಾಗಿಯೇ ಇದ್ದ. ಮೇಸ್ತ್ರಿಗೆ ಜೀವ ಬಂದ ಹಾಗಾಯಿತು. ನಾಲ್ಕನೆಯವನು ಇರಲಿಲ್ಲ. "ಅವನು ಹುಟ್ಟಾ ಬಡಕಲು." ಐದನೆಯವನು ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ಮೇಸ್ತ್ರಿಯನ್ನು ನೋಡಿ ನಮಸ್ಕಾರ ಮಾಡಲು ಕೈ ಎತ್ತಿದವನು ಅರ್ಧಕ್ಕೇ ಇಳಿಸಿದ.

ಅವನ ಬಗ್ಗೆ ಹೇಳಲು ಮೇಸ್ತ್ರಿಗೆ ಕಾರಣ ಸಿಗಲಿಲ್ಲ.

ಎಲ್ಲ ಸಾವೂ ಅವರಿಗೆ ಗೊತ್ತಿತ್ತು. ಪ್ರತಿಯೊಂದಕ್ಕೂ ಹೆಗಲು ಕೊಟ್ಟಿದ್ದರು. ಆದರೆ ಒಂದೊಂದೂ ಬಿಡಿಬಿಡಿಯಾಗಿ, ವರ್ಷ ಎರಡು ವರ್ಷಕ್ಕೊಮ್ಮೆ ಬಂದಿತ್ತು, ಒಂದೊಂದಕ್ಕೂ ಒಂದೊಂದು ಕಥೆ ಇತ್ತು. ಒಂದೇ ಹಾಳೆಯ ಮೇಲೆ ಸಾಲಾಗಿ ಅವರೆಂದೂ ನೋಡಿರಲಿಲ್ಲ.

ನಾಲ್ಕನೇ ಸಂಜೆ ಪಟ್ಟಿಯ ಕೊನೆಯ ಹೆಸರಿಗೆ ಬಂದಾಗ ಅವರ ಹೆಜ್ಜೆ ನಿಂತಿತು.

"ಇವನನ್ನ ಬಿಡೋಣ. ಇವನ ವಿಷಯ ನನಗೆ ಗೊತ್ತಲ್ಲ."

"ಒಬ್ಬರನ್ನೂ ಬಿಡೋ ಹಾಗಿಲ್ಲ ಅಂದಿದ್ದೆವು ಭಾವ."

ಅದು ಅವರ ಸ್ವಂತ ತಮ್ಮನ ಮನೆ. ತಮ್ಮನಿಗೆ ನಲವತ್ತೆಂಟು. 'ಅವನದು ಚಿಕ್ಕಂದಿನಿಂದಲೂ ಶೀತದ ಮೈ' ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಆರು ವರ್ಷದಿಂದ ಅವನು ಕೆಲಸ ಬಿಟ್ಟಿದ್ದ.

ತಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕೈ ಮೊಣಕಾಲಿಗೆ ಊರಿ ಕೂತಿದ್ದ. ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ.

"ಬಾ ಅಣ್ಣ. ಏನು, ಅಧ್ಯಕ್ಷರು... ನಮ್ಮ ಮನೆಗೆ?"

"ಸುಮ್ನೆ ಬಂದೆ ಕಣೋ. ಇವಳು ಏನೋ ಕೇಳ್ಬೇಕಂತೆ."

ನರ್ಸು ಎಲ್ಲರಿಗೂ ಕೇಳಿದ್ದನ್ನೇ ಕೇಳಿದರು. ಎಲ್ಲಿ ಕೆಲಸ ಮಾಡ್ತಿದ್ರಿ, ಎಷ್ಟು ವರ್ಷ, ಉಸಿರಿನ ತೊಂದರೆ ಇದೆಯಾ, ಯಾವಾಗ ಶುರುವಾಯಿತು, ಬೀಡಿ ಸಿಗರೇಟು ಇದೆಯಾ. ಅವನು ಯಾವತ್ತೂ ಸೇದಿದವನಲ್ಲ. ಹದಿನೆಂಟು ವರ್ಷ ಒಣ ಮೇಜು, ಹನ್ನೆರಡನೇ ವರ್ಷಕ್ಕೆ ಕೆಮ್ಮು.

"ಇಷ್ಟೆಲ್ಲ ಇದ್ದೂ ಸಮಿತಿಗೆ ಬಂದು ಯಾಕೆ ಹೇಳ್ಲಿಲ್ಲ?" ನರ್ಸು ಕೇಳಿದರು.

ತಮ್ಮ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ಸಮಿತಿ ಸೇರೋದು ಮಹಡಿ ಮೇಲೆ ಅಲ್ವಾ. ಇಪ್ಪತ್ತೆರಡು ಮೆಟ್ಟಿಲು. ಹತ್ತೋಕೆ... ಆಗೋ ಹಾಗಿದ್ರೆ, ನಾನು ಕೆಲಸಾನೇ ಮಾಡ್ತಿದ್ದೆ."

ಮೇಸ್ತ್ರಿ ಆ ಮೆಟ್ಟಿಲುಗಳನ್ನು ನೆನೆದರು. ಇಷ್ಟು ವರ್ಷ ಅವರು ಯಾರ ಕಥೆ ಕೇಳಿ ತೀರ್ಮಾನ ಬರೆಸಿದ್ದರು? ಮೆಟ್ಟಿಲು ಹತ್ತಬಲ್ಲವರ ಕಥೆ. ಹತ್ತಲಾರದವರು ಮನೆಯಲ್ಲಿ ಕೂತಿದ್ದರು. ಸತ್ತವರಂತೂ ಯಾವ ಸಭೆಗೂ ಬರುವವರಲ್ಲ.

"ನಿನಗೆ ಒಣ ಜಾಗ ಕೊಟ್ಟದ್ದು ನಾನು ಕಣೋ," ಎಂದರು. "ಅವತ್ತು ನೀನು ನೀರಿನ ಕಡೆನೇ ಇರ್ತೀನಿ ಅಂದಿದ್ದೆ. ನಾನೇ ಬೈದು ಕಳಿಸಿದೆ."

"ನೀನು ಒಳ್ಳೇದಕ್ಕೇ ಕೊಟ್ಟೆ ಅಣ್ಣ. ಕಾಲಿಗೆ... ಶೀತ ಆಗಬಾರದು ಅಂತ."

ಇಬ್ಬರೂ ಹೊರಗೆ ಬಂದರು. ನರ್ಸು ಬೀದಿಯ ಕಟ್ಟೆಯ ಮೇಲೆ ಪುಸ್ತಕ ತೆರೆದು ಕೂಡಿಸಿದರು. ಒಣ ಕಡೆ ಹದಿನೆಂಟು. ತೀರಿಕೊಂಡವರು ಏಳು. ಅದರಲ್ಲಿ ಒಬ್ಬ ಬಾವಿಗೆ ಬಿದ್ದು ಸತ್ತದ್ದು, ಅದನ್ನು ಬೇರೆ ಬರೆದರು. ಉಳಿದ ಆರು ಕೆಮ್ಮು, ಏದುಸಿರಿನಲ್ಲಿ. ಬದುಕಿದ್ದೂ ಉಸಿರಿಗೆ ಒದ್ದಾಡುವವರು ಐದು. ಆರೋಗ್ಯವಾಗಿರುವವರು ನಾಲ್ಕು. ಊರು ಬಿಟ್ಟು ಹೋದ ಇಬ್ಬರು ಸಿಗಲಿಲ್ಲ.

"ಆ ಇಬ್ಬರೂ ಹೋಗಿರಬೇಕು. ಸೇರಿಸು," ಎಂದರು ಮೇಸ್ತ್ರಿ.

"ಇಲ್ಲ. ಸಿಗಲಿಲ್ಲ ಅಂತಲೇ ಬರೀಬೇಕು. ಗೊತ್ತಿಲ್ಲದ್ದನ್ನ ಗೊತ್ತು ಅಂತ ಬರೆದ್ರೆ ನಮಗೂ ಆ ಕೈಗವಸಿನ ವ್ಯಾಪಾರಿಗೂ ಏನು ವ್ಯತ್ಯಾಸ?"

ಒಣ ಕಡೆ ಹದಿನೆಂಟರಲ್ಲಿ ಹನ್ನೊಂದು. ನೀರಿನ ಕಡೆ ಹದಿನಾರರಲ್ಲಿ ಒಂದು.

"ಹಾಗಾದ್ರೆ ನಾನು?" ಮೇಸ್ತ್ರಿ ಮೆಲ್ಲಗೆ ಕೇಳಿದರು. "ನನಗ್ಯಾಕೆ ಏನೂ ಆಗ್ಲಿಲ್ಲ?"

"ನೀವು ಎಲ್ಲಿ ನಿಂತಿದ್ರಿ ಭಾವ, ಇಪ್ಪತ್ನಾಲ್ಕು ವರ್ಷ?"

ದೊಡ್ಡ ಗರಗಸದ ಹತ್ತಿರ. ಸುರಿಯುವ ನೀರಿನ ಕೆಳಗೆ. ತಮ್ಮ ಎದೆ ಉಕ್ಕಿನದೆಂದು ಅವರು ಬೀಗಿದ್ದರು. ಅದನ್ನು ಕಾಪಾಡಿದ್ದರಲ್ಲಿ ದೊಡ್ಡ ಪಾಲು ಆ ನೀರಿನದಿರಬೇಕು.

* * *

ಮುಂದಿನ ಶನಿವಾರ ಸಮಿತಿ ಮಹಡಿಯಲ್ಲಿ ಸೇರಲಿಲ್ಲ. ಕೆಳಗೆ, ಶೆಡ್ಡಿನ ಅಂಗಳದಲ್ಲೇ ಕುರ್ಚಿ ಹಾಕಿಸಿದ್ದರು ಮೇಸ್ತ್ರಿ. ಪಟ್ಟಿಯಲ್ಲಿದ್ದ ಕಾಯಿಲೆಯವರಲ್ಲಿ ಮೂವರು ಗಾಡಿಯಲ್ಲಿ ಬಂದಿದ್ದರು. ತಮ್ಮನೂ ಬಂದಿದ್ದ. ಮಗಳು ಹಿಂದೆ ನಿಂತಿದ್ದಳು.

ಮೇಸ್ತ್ರಿ ಹಾಳೆ ಓದಿದರು. ಆ ನಿಯಮ ಬಂದ ಮೇಲೆ ಸಮಿತಿಯಲ್ಲಿ ಕಾಗದ ಓದಿದ್ದು ಅದೇ ಮೊದಲು. ಹೆಸರು, ಜಾಗ, ವರ್ಷ, ಸ್ಥಿತಿ. ಮೂವತ್ತನಾಲ್ಕು ಸಾಲು. ಓದಿ ಮುಗಿಯುವಷ್ಟರಲ್ಲಿ ಯಂತ್ರಗಳು ಒಂದೊಂದಾಗಿ ನಿಂತಿದ್ದವು.

ಡ್ರಿಲ್ ಯಂತ್ರದವನಿಗೆ ಸೋಲಲು ಮನಸ್ಸಿಲ್ಲ. "ಇದೂ ಒಂದು ಕಥೆನೇ ಅಲ್ವಾ? ಸ್ವಲ್ಪ ಉದ್ದ ಅಷ್ಟೇ. ನಮ್ಮತ್ತೆದು ಸುಳ್ಳಾ ಹಾಗಾದ್ರೆ?"

"ಸುಳ್ಳಲ್ಲ. ನಿಮ್ಮತ್ತೆ ಹೋದದ್ದು ನಿಜ," ಎಂದರು ನರ್ಸು. "ಆದ್ರೆ ಒದ್ದೆಯಲ್ಲಿ ನಿಂತ ಎಷ್ಟು ಜನರಲ್ಲಿ ಎಷ್ಟು ಜನ ಹೋದ್ರು? ಅದನ್ನ ಕೇಳಿದ್ರಾ? ಮೂವತ್ನಾಲ್ಕು ಜನರ ಲೆಕ್ಕ ಚಿಕ್ಕದೇ, ಒಪ್ತೀನಿ. ಇದೊಂದೇ ಆಗಿದ್ರೆ ನಾನೂ ಇಷ್ಟು ಜೋರಾಗಿ ಹೇಳ್ತಿರಲಿಲ್ಲ. ಆದ್ರೆ ಸಾವಿರಾರು ಜನರನ್ನ ನೋಡಿದ ಸಂಶೋಧನೆಯೂ ಇದೇ ದಿಕ್ಕನ್ನ ತೋರಿಸುತ್ತೆ. ಹೋದ ವಾರ ನಾನು ತಂದ ಹಾಳೆಯಲ್ಲಿ ಅದೇ ಇತ್ತು. ಅದರ ಮೇಲೆ ಟೀ ಇಟ್ರಿ."

"ಧೂಳು ಇಷ್ಟು ವರ್ಷ ಕಣ್ಣಿಗೆ ಕಾಣ್ತಾನೇ ಇತ್ತಲ್ಲ ತಾಯಿ," ಎಂದ ಗುಮಾಸ್ತ, ಅರ್ಧ ತನಗೇ ಹೇಳಿಕೊಂಡ ಹಾಗೆ.

"ಕಾಣೋ ಧೂಳು ಮೂಗು ಗಂಟಲಲ್ಲಿ ನಿಲ್ಲುತ್ತೆ. ಕಾಣದೇ ಇರೋ ಸಣ್ಣ ಧೂಳು ಶ್ವಾಸಕೋಶದ ತಳಕ್ಕಿಳಿದು ಕೂರುತ್ತೆ. ಅಲ್ಲಿ ಗಾಯವಾಗಿ, ಕಲೆ ಕಟ್ಟಿ ಗಟ್ಟಿಯಾಗುತ್ತೆ. ಹಾಗೆ ಗಟ್ಟಿಯಾದದ್ದನ್ನ ಮೊದಲಿನ ಹಾಗೆ ಮಾಡೋ ಔಷಧಿ ಇಲ್ಲ. ತಡೆಯೋದೊಂದೇ ದಾರಿ. ಇದು ಅಂಗೈ ಹುಣ್ಣಲ್ಲ ಅಣ್ಣ, ಎದೆ ಒಳಗಿನದು. ಇದಕ್ಕೆ ಕನ್ನಡಿ ಬೇಕೇ ಬೇಕು. ಎಕ್ಸ್‌ರೇ ತೆಗೆಸಬೇಕು."

"ಇನ್ನು ಮುಂದೆ ನನ್ನನ್ನ ಸಾಕ್ಷಿಗೆ ಕರೀಬೇಡಿ," ಎಂದರು ಮೇಸ್ತ್ರಿ. "ನನ್ನ ಎದೆ ತೋರಿಸಿ ನಾನು ನಿಮಗೆಲ್ಲ ಮೋಸ ಮಾಡಿದೆ. ಮೋಸ ಅಂತ ನನಗೂ ಗೊತ್ತಿರಲಿಲ್ಲ."

ಅಂದು ಗುಮಾಸ್ತ ಬರೆದ ತೀರ್ಮಾನ ಉದ್ದವಾಗಿತ್ತು. ಕೊಳವೆ ಬರುವವರೆಗೆ ಒಣ ಮೇಜುಗಳು ಬಂದ್. ನೀರಿದ್ದರೂ ಸಣ್ಣ ಧೂಳು ಪೂರ್ತಿ ಹೋಗುವುದಿಲ್ಲವಾದ್ದರಿಂದ ಧೂಳು ಹೀರುವ ಫ್ಯಾನು, ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್. ನೆಲವನ್ನು ನೀರು ಹಾಕದೆ ಗುಡಿಸಬಾರದು, ತೊಳೆಯಬೇಕು. ಕೆಲಸದ ಬಟ್ಟೆಯಲ್ಲಿ ಮನೆಗೆ ಹೋಗಬಾರದು. ಎಲ್ಲರಿಗೂ ಎದೆಯ ಎಕ್ಸ್‌ರೇ, ಕಾಲಕಾಲಕ್ಕೆ ತಪಾಸಣೆ.

ಡ್ರಿಲ್ ಯಂತ್ರದವನು ಕೈ ಎತ್ತಿದ. "ನನ್ನ ಡ್ರಿಲ್ಲೂ ಒಣದೇ ಅಲ್ವಾ?" ಅವನ ದನಿ ಈಗ ಬೇರೆಯಾಗಿತ್ತು. "ಅದಕ್ಕೂ ಒಂದು ಕೊಳವೆ ಬರ್ಕೊಳ್ಳಿ."

ಮುಂದಿನ ತಿಂಗಳು ಮಗಳು ಕೆಲಸಕ್ಕೆ ಹೋದಳು. ಮೊದಲು ಎಕ್ಸ್‌ರೇ ಆಯಿತು, ಆಮೇಲೆ ಮೇಜು. ಮೊಣಕಾಲುದ್ದದ ರಬ್ಬರ್ ಬೂಟು, ಮುಖಕ್ಕೆ ಮಾಸ್ಕ್. ಬಿಲ್ಲೆಯಿಂದ ನೀರು ಚಿಮ್ಮಿ ಅವಳ ತೋಳು ಒದ್ದೆಯಾಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಎದ್ದು ಬಂದು ಮುಖ ಸಿಂಡರಿಸಿ, "ಅಪ್ಪ, ಚಳಿ," ಎಂದಳು.

"ಇರಲಿ ಮಗಾ," ಎಂದರು ಮೇಸ್ತ್ರಿ. "ಚಳಿಯಾದ್ರೆ ಸ್ವೆಟರ್ ಇದೆ."

ತಮ್ಮನ ಉಸಿರು ಮಾತ್ರ ಸರಿಹೋಗಲಿಲ್ಲ. ಅದು ಸರಿಹೋಗುವ ಕಾಯಿಲೆಯಲ್ಲ.

ಓದುಗರೇ, ನೀವು ಕಲ್ಲು ಕೊಯ್ಯುವವರು, ಗಣಿ ಅಗೆಯುವವರು, ಮರಳು ಜರಡಿ ಹಿಡಿಯುವವರು, ಕಟ್ಟಡ ಒಡೆಯುವವರು ಆಗಿದ್ದರೆ ಇವತ್ತೇ ಕೇಳಿ: ನಮ್ಮ ಯಂತ್ರಕ್ಕೆ ನೀರು ಎಲ್ಲಿ? ಸರಿಯಾದ ಮಾಸ್ಕ್ ಎಲ್ಲಿ? ಕೆಮ್ಮು, ಏದುಸಿರು ಇದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಯಾವ ಕೆಲಸ, ಎಷ್ಟು ವರ್ಷ ಎಂದು ಬಾಯಿಬಿಟ್ಟು ಹೇಳಿ.

ನೀವು ಯಾವುದೇ ಸಮಿತಿಯಲ್ಲಿ ಕೂರುವವರಾಗಿದ್ದರೆ, ಶಾಲೆಯದಿರಲಿ, ನೀರಿನದಿರಲಿ, ಆಸ್ಪತ್ರೆಯದಿರಲಿ, ಯಾರಾದರೂ 'ನನಗೇನೂ ಆಗಿಲ್ಲ' ಎಂದಾಗ ತಲೆಯಾಡಿಸುವ ಮೊದಲು ಕೇಳಿ: ಎಷ್ಟು ಜನರಲ್ಲಿ ಎಷ್ಟು ಜನ? ಎಣಿಸಿದವರು ಯಾರು, ಹೇಗೆ? ಇದರ ಬಗ್ಗೆ ಸಂಶೋಧನೆ ಏನು ಹೇಳುತ್ತದೆ? ಆಮೇಲೆ ಸುತ್ತಲೂ ಒಮ್ಮೆ ನೋಡಿ. ಇಲ್ಲಿರಬೇಕಾಗಿದ್ದು ಇಲ್ಲದವರು ಯಾರು? ಅವರ ಮನೆ ಬಾಗಿಲು ತಟ್ಟಿ ಬಂದ ಮೇಲೆ ತೀರ್ಮಾನ ಬರೆಯಿರಿ.